ಬೀಲೆಕ್ ಬಿಟ್ಟದ್ದು ಬಣ್ಣವನ್ನು, ಚಿತ್ರವನ್ನಲ್ಲ

ಮಾನ್ಯರೇ,

ಭಾನುವಾರದ ಪುರವಣಿಯ ಪ್ರಾಗ್ ಪ್ರವಾಸ ಲೇಖನ ಫ್ರಾಂಟಿಶೆಕ್ ಬೀಲೆಕ್ (1872–1941) ಅವರನ್ನು ‘ಬಣ್ಣಗುರುಡಿನಿಂದ ಚಿತ್ರಕಲೆ ಕೈಬಿಟ್ಟ ಶಿಲ್ಪಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದೆ. ಮಾತು ಸುಳ್ಳಲ್ಲ, ಅರ್ಧ ಮಾತ್ರ.

ಈಗಿನ ಜೆಕ್ ದೇಶದ ಬೊಹೀಮಿಯಾ ಪ್ರಾಂತ್ಯದ ಖೀನೋವ್ ಊರಿನಲ್ಲಿ ಗಾಡಿಚಕ್ರ ಮಾಡುವವರ ಮನೆಯಲ್ಲಿ ಹುಟ್ಟಿದ ಬೀಲೆಕ್ ಪ್ರಾಗ್‌ನ ಕಲಾ ಅಕಾಡೆಮಿಗೆ ಸೇರಿದ್ದು ಚಿತ್ರಕಾರನಾಗಲೆಂದೇ. ಕಣ್ಣಿನ ದೋಷ ಹೊರಬಿದ್ದದ್ದು ಅಲ್ಲಿ. ಬಣ್ಣಗುರುಡು ಇದ್ದವರಿಗೆ ಸಾಮಾನ್ಯವಾಗಿ ಕೈಕೊಡುವುದು ಕೆಂಪು, ಹಸಿರು. ಮೈಬಣ್ಣ ಬೆರೆಸುವಾಗ ಈ ಎರಡರ ಹದ ತಪ್ಪಿದರೆ ಮುಖ ರೋಗಿಷ್ಠವಾಗಿ ಕಾಣುತ್ತದೆ. ಆದರೆ ಇದ್ದಿಲಿನ ಗೆರೆಗಾಗಲಿ, ನೆರಳು-ಬೆಳಕಿನ ಅಳತೆಗಾಗಲಿ ಇದರಿಂದ ತೊಂದರೆಯಿಲ್ಲ. ಹಾಗಾಗಿ ಶಿಲ್ಪದ ತರಗತಿಗೆ ಹೋದ ಮೇಲೂ ಬೀಲೆಕ್ ರೇಖಾಚಿತ್ರ, ಮರದಚ್ಚಿನ ಮುದ್ರಣ ಬಿಡಲಿಲ್ಲ. ಪೀಠೋಪಕರಣಗಳನ್ನೂ ತಾವೇ ವಿನ್ಯಾಸ ಮಾಡಿದರು.

ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸ್‌ಗೆ ಹೋದವರು 1892ರಲ್ಲಿ ‘ಗೊಲ್ಗೊಥಾ’ ಮತ್ತು ‘ಉಳುಮೆ ನಮ್ಮ ಪಾಪಕ್ಕೆ ಶಿಕ್ಷೆ’ ಎಂಬ ಎರಡು ಕೃತಿ ಮಾಡಿದರು. ಪ್ರಾಗ್‌ನ ತೀರ್ಪುಗಾರರಿಗೆ ಅವು ಹಿಡಿಸಲಿಲ್ಲ, ವೇತನ ನಿಂತಿತು. ಮೂವತ್ತು ವರ್ಷದ ನಂತರ ಇದೇ ಬೀಲೆಕ್ ಬಗ್ಗೆ ಬರೆಯಿರಿ ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಪತ್ರದಲ್ಲಿ ಒತ್ತಾಯಿಸಿದವರು ಪ್ರಾಗ್‌ನ ಲೇಖಕ ಫ್ರಾಂಜ್ ಕಾಫ್ಕಾ.

ಎರಡನೆಯ ತಿದ್ದುಪಡಿ ಚಿತ್ರದ ಅಡಿಬರಹಕ್ಕೆ. ‘ಹಳೆ-ಹೊಸ ಸಿನಗಾಗ್’ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಪಕ್ಕದಲ್ಲಿರುವ, ಬೀಲೆಕ್ ಮಾಡಿದ ಪ್ರವಾದಿ ಮೋಶೆಯ ವಿಗ್ರಹವನ್ನು ‘1905ರ ಕಂಚು’ ಎನ್ನಲಾಗಿದೆ. ಕಲ್ಪನೆ 1905ರದು, ಈಗ ನಿಂತಿರುವ ಕಂಚು ಆ ಕಾಲದ್ದಲ್ಲ. ಅಲ್ಲಿ 1935ರಲ್ಲಿ ಇಟ್ಟ ವಿಗ್ರಹವನ್ನು ನಾಜಿಗಳು ಕಿತ್ತು ಕರಗಿಸಿದರು; ಯುದ್ಧ ಮುಗಿದ ಮೇಲೆ ಉಳಿದಿದ್ದ ಪ್ಲಾಸ್ಟರ್ ಮಾದರಿಯಿಂದ ಮತ್ತೆ ಎರಕ ಹೊಯ್ದರು. ಪ್ಲಾಸ್ಟರ್ ಉಳಿದದ್ದು ದೊಡ್ಡ ಪುಣ್ಯ. ಕಂಚು ಆರುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ. ಕಂಚಿನಿಂದಲೇ ಅಚ್ಚು ತೆಗೆದು ಇನ್ನೊಂದು ಹೊಯ್ದರೆ ಎರಡನೆಯ ಸಲ ಕುಗ್ಗಿ, ಗೆರೆಗಳು ಮೊಂಡಾಗುತ್ತವೆ. ಅಚ್ಚಿನಲ್ಲಿ ಚೂರು ತೇವ ಉಳಿದರೂ ಸಾವಿರ ಡಿಗ್ರಿ ದಾಟಿದ ಲೋಹ ತಾಕಿದೊಡನೆ ಆವಿ ಎದ್ದು ಮೈತುಂಬ ರಂಧ್ರ ಬೀಳುತ್ತದೆ. ಈ ಮೋಶೆಯಲ್ಲಿ ಗೆರೆ ಚೂಪಾಗಿ ಉಳಿಯುವುದು ಬಹಳ ಮುಖ್ಯ. ಏಕೆಂದರೆ ಮಂಡಿಯೂರಿ, ತಲೆ ಬಗ್ಗಿಸಿ, ಸುರುಳಿಯ ಮೇಲೆ ಮೊದಲ ಮನುಷ್ಯ ‘ಆದಾಮ’ನ ಹೆಸರನ್ನು ಬರೆಯುತ್ತಿರುವವನು ಆತ. ನೋಡಬೇಕಾದ್ದು ಆ ಕೈ, ಆ ಅಕ್ಷರ. ಫೋಟೊದಲ್ಲಿ ಗಡ್ಡ ಮಾತ್ರ ಬಂದಿದೆ!

ಬೀಲೆಕ್ ಮರದಲ್ಲೂ ಕೆತ್ತಿದರು; ಅದರ ಸಮಸ್ಯೆ ಬೇರೆ. ಮರ ಒಣಗುವಾಗ ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡರಷ್ಟು ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುತ್ತದೆ. ಇಡೀ ದಿಮ್ಮಿಯನ್ನು ಹಾಗೇ ಕೆತ್ತಿದರೆ ತಿರುಳಿನವರೆಗೂ ಸೀಳು ಬಿಡುತ್ತದೆ. ಅದಕ್ಕೇ ಕೆತ್ತನೆಯವರು ದೊಡ್ಡ ವಿಗ್ರಹದ ಬೆನ್ನಿನ ಕಡೆಯಿಂದ ಒಳಗನ್ನು ತೋಡುತ್ತಾರೆ. ಶಿಲುಬೆಯ ವಿಗ್ರಹದಲ್ಲಿ ತೋಳು ಬೇರೆ ತುಂಡಾಗಿರಬೇಕು, ಮರದ ನಾರಿನ ಎಳೆ ತೋಳಿನ ಉದ್ದಕ್ಕೂ ಓಡಬೇಕು. ಅಡ್ಡ ಎಳೆಯಿದ್ದರೆ ಮಣಿಕಟ್ಟು ಒಂದು ಪೆಟ್ಟಿಗೇ ಮುರಿಯುತ್ತದೆ. ಪ್ರಾಗ್‌ನ ಸೇಂಟ್ ವೀಟಸ್ ಕೆಥೆಡ್ರಲ್‌ನಲ್ಲಿರುವ ಬೀಲೆಕ್ ಅವರ ಮರದ ‘ಶಿಲುಬೆಗೇರಿದವನು’ (1899) ನೋಡುವಾಗ ಭುಜದ ಹತ್ತಿರ ಎಳೆ ಯಾವ ಕಡೆ ಓಡಿದೆ ಎಂದು ಗಮನಿಸಬಹುದು.

ಲೇಖನ ಪ್ರಾಗ್‌ನಲ್ಲಿರುವ ಅವರ ಮನೆಯನ್ನೇ ಮರೆತದ್ದು ನನಗೆ ಹೆಚ್ಚು ಬೇಸರ ತಂದಿತು. 1911ರಲ್ಲಿ ಮುಗಿದ ಆ ಮನೆಯ ನಕ್ಷೆ ಬೀಲೆಕ್ ಅವರದೇ. ಗಿಲಾವು ಕಾಣದ ಇಟ್ಟಿಗೆ ಗೋಡೆ, ತಾರಸಿ, ಬಾಗಿದ ಮುಂಭಾಗ. ಕಂಬಗಳು ಕೊಯ್ದು ಕಟ್ಟಿದ ಗೋಧಿಯ ಸಿವುಡಿನಂತಿವೆ. ಇಡೀ ಕಟ್ಟಡ ಒಂದು ಗೋಧಿ ಹೊಲ ಎಂಬುದು ಅವರ ಲೆಕ್ಕ. ಈಗ ಅದು ಪ್ರಾಗ್ ನಗರ ಕಲಾಗ್ಯಾಲರಿಯ ವಶದಲ್ಲಿದೆ. 22ನೇ ಟ್ರಾಮ್‌ನಲ್ಲಿ ಕ್ರಾಲೊವ್ಸ್ಕಿ ಲೆಟೊಹ್ರಾಡೆಕ್ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಹೊರಡುವ ಮುನ್ನ ತೆರೆದಿರುವ ದಿನ ವಿಚಾರಿಸಿಕೊಳ್ಳುವುದು ಒಳ್ಳೆಯದು.

– ಓದುಗ, ಮೈಸೂರು