ಅಪ್ಪನ ಪ್ರಶ್ನೆಗೆ ಉತ್ತರ

ಸ್ಟಾಕ್‌ಟನ್, ಕ್ಯಾಲಿಫೋರ್ನಿಯಾ

ತೀರ್ಥರೂಪ ತಂದೆಯವರಿಗೂ ಮಾತೃಶ್ರೀಯವರಿಗೂ ನಿಮ್ಮ ಮಗನು ಮಾಡುವ ನಮಸ್ಕಾರಗಳು. ಇಲ್ಲಿ ನಾವಿಬ್ಬರೂ ಕ್ಷೇಮವಾಗಿದ್ದೇವೆ. ನಿಮ್ಮ ಮೊಣಕಾಲು ನೋವು ಈಗ ಹೇಗಿದೆಯೆಂದು ತಿಳಿಸಿ.

ಹೋದ ತಿಂಗಳು ಫೋನಿನಲ್ಲಿ ಅಪ್ಪ ಒಂದು ಮಾತು ಕೇಳಿದಿರಿ: "ಇಂಜಿನಿಯರಿಂಗ್ ಓದಿ, ಸಮುದ್ರ ದಾಟಿ ಹೋಗಿ, ಕೊನೆಗೆ ಜೈಲು ಕಾಯುವುದೇ?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಖಾಕಿ ತೊಟ್ಟು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದ ನಿಮ್ಮ ಬಾಯಿಂದ ಆ ಪ್ರಶ್ನೆ ಬಂದದ್ದರಿಂದ ಮನಸ್ಸಿಗೆ ಸ್ವಲ್ಪ ನೋವೂ ಆಯಿತು. ಫೋನಿನಲ್ಲಿ ಹೇಳಲಾಗದ್ದನ್ನು ನಿಧಾನವಾಗಿ ಬರೆದು ತಿಳಿಸೋಣವೆಂದು ಈ ಪತ್ರ.

ನನ್ನ ಕೆಲಸ ಇಲ್ಲಿನ ಷರೀಫರ ಇಲಾಖೆಯಲ್ಲಿ. ನಮ್ಮ ಕಡೆ ಷರೀಫ್ ಎಂದರೆ ಮುಂಬೈ, ಕೋಲ್ಕತ್ತಗಳಲ್ಲಿ ಗಣ್ಯರಿಗೆ ಕೊಡುವ ಗೌರವದ ಪದವಿ ಮಾತ್ರ. ಇಲ್ಲಿ ಹಾಗಲ್ಲ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಎಂದುಕೊಳ್ಳಿ. ಪ್ರತಿ ಕೌಂಟಿಯ ಷರೀಫರನ್ನೂ ಜನರೇ ಮತ ಹಾಕಿ ಆರಿಸಬೇಕೆಂದು ಈ ರಾಜ್ಯದ ಸಂವಿಧಾನವೇ ಹೇಳುತ್ತದೆ. ನಮ್ಮ ಎಸ್‌ಪಿಯವರನ್ನು ಸರ್ಕಾರ ವರ್ಗ ಮಾಡಿ ಕಳುಹಿಸುವಂತೆ ಇವರನ್ನು ಯಾರೂ ಕಳುಹಿಸುವುದಿಲ್ಲ. ದೊಡ್ಡ ಊರುಗಳಿಗೆ ಅವುಗಳದೇ ಪೊಲೀಸ್ ಇಲಾಖೆ ಇರುತ್ತದೆ. ಊರಿನ ಗಡಿಯಾಚೆಗಿನ ತೋಟ, ಹೊಲ, ಹಳ್ಳಿಗಳ ಗಸ್ತು, ನ್ಯಾಯಾಲಯದ ಕಾವಲು, ನ್ಯಾಯಾಲಯದ ಆದೇಶಗಳ ಜಾರಿ, ಎಲ್ಲಕ್ಕಿಂತ ಮಿಗಿಲಾಗಿ ಕೌಂಟಿಯ ಜೈಲು, ಇವೆಲ್ಲ ಷರೀಫರ ಹೊಣೆ. ಅವರ ಪರವಾಗಿ ಪ್ರಮಾಣ ಮಾಡಿ ಕೆಲಸ ಮಾಡುವವರೇ ಡೆಪ್ಯೂಟಿಗಳು. ನಾನು ಸೇರಿರುವುದು ಪಕ್ಕದ ಕೌಂಟಿಯಲ್ಲಿ. ಮನೆಯಿಂದ ಬಾದಾಮಿ ತೋಟಗಳ ನಡುವೆ ನಲವತ್ತು ನಿಮಿಷದ ದಾರಿ.

ಅರ್ಜಿ ಹಾಕಿದಾಗ ನಾನು ಇಲ್ಲಿನ ಪೌರನಾಗಿದ್ದೆ. 2022ರಲ್ಲಿ ಆ ಪ್ರಮಾಣ ಸ್ವೀಕರಿಸಿ, ನಮ್ಮ ದೇಶದ ಪಾಸ್‌ಪೋರ್ಟನ್ನು ಒಪ್ಪಿಸಿ ಬಂದ ರಾತ್ರಿ ಅಮ್ಮ ಅತ್ತದ್ದು ನನಗೆ ಮರೆತಿಲ್ಲ. 2023ರ ಜನವರಿಯಿಂದ ಈ ರಾಜ್ಯ ಪೊಲೀಸರು, ಡೆಪ್ಯೂಟಿಗಳಂಥ ಶಾಂತಿಪಾಲನಾ ಅಧಿಕಾರಿಗಳಿಗಿದ್ದ ಪೌರತ್ವದ ಷರತ್ತನ್ನೇ ತೆಗೆದುಹಾಕಿತು. ಇಲ್ಲಿ ಕೆಲಸ ಮಾಡಲು ಕಾನೂನಿನ ಅನುಮತಿ ಇದ್ದರೆ ಸಾಕೆಂದು ತಿದ್ದಿತು. ನಾನು ಪೌರತ್ವ ಪಡೆದದ್ದು ಈ ಕೆಲಸಕ್ಕಾಗಿಯೇ ಅಲ್ಲವಾದರೂ, ಆ ಸುದ್ದಿ ಓದಿದ ದಿನ ಅಮ್ಮನ ಕಣ್ಣೀರು ನೆನಪಾಯಿತು.

ಲಿಖಿತ ಪರೀಕ್ಷೆ ಕಷ್ಟವೇನಿರಲಿಲ್ಲ. ಓದಿ ಅರ್ಥ ಮಾಡಿಕೊಳ್ಳುವುದು, ಕಾಗುಣಿತ, ಸ್ಪಷ್ಟವಾಗಿ ಬರೆಯುವುದು, ಇಷ್ಟೇ. ಕಷ್ಟವಾದದ್ದು ಅದರ ನಂತರ ಬಂದ ಸ್ವವಿವರದ ಪ್ರಪತ್ರ. ಕಳೆದ ಹತ್ತು ವರ್ಷ ಎಲ್ಲೆಲ್ಲಿ ವಾಸವಿದ್ದೆ, ಜೊತೆಗೆ ಯಾರಿದ್ದರು, ಯಾವ ಕೆಲಸವನ್ನು ಏಕೆ ಬಿಟ್ಟೆ, ಎಷ್ಟು ಸಾಲವಿದೆ, ಎಂದಾದರೂ ಕದ್ದಿದ್ದೇನೆಯೇ, ಯಾರ ಮೇಲಾದರೂ ಕೈ ಮಾಡಿದ್ದೇನೆಯೇ ಎಂದು ಪುಟದ ಮೇಲೆ ಪುಟ ಕೇಳುತ್ತಾರೆ. ತನಿಖಾಧಿಕಾರಿಯೊಬ್ಬರು ನನ್ನ ಹಳೆಯ ಮನೆಮಾಲೀಕರನ್ನೂ, ಹಳೆಯ ಕಂಪನಿಯ ಮೇಲಧಿಕಾರಿಯನ್ನೂ, ಕೊಠಡಿ ಹಂಚಿಕೊಂಡಿದ್ದ ಗೆಳೆಯರನ್ನೂ ಒಬ್ಬೊಬ್ಬರಾಗಿ ಮಾತನಾಡಿಸಿದರು. ನಂತರ ಸುಳ್ಳುಪತ್ತೆ ಯಂತ್ರದ ಮುಂದೆ ಕೂರಿಸಿದರು. ಮನೋವೈದ್ಯಕೀಯ ಪರೀಕ್ಷೆಯೂ ದೇಹದ ತಪಾಸಣೆಯೂ ಆದವು. ಒಟ್ಟು ಒಂಬತ್ತು ತಿಂಗಳು ಹಿಡಿಯಿತು. ಮೊದಲ ದಿನವೇ ಅವರು ಹೇಳಿದ್ದು ಹೀಗೆ: ಹಿಂದೆ ಮಾಡಿದ ಸಣ್ಣ ತಪ್ಪಿಗಾಗಿ ಹೊರಗೆ ಹೋಗುವವರು ಕಡಿಮೆ, ಅದನ್ನು ಮುಚ್ಚಿಟ್ಟದ್ದಕ್ಕಾಗಿ ಹೋಗುವವರೇ ಹೆಚ್ಚು.

ಅಪ್ಪ, ಆ ಪ್ರಪತ್ರದಲ್ಲಿ ನಿಮಗೆ ಎಂದೂ ಹೇಳದ ಒಂದು ಸಂಗತಿಯನ್ನು ಬರೆದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಲೈಸೆನ್ಸ್ ಇಲ್ಲದೆ ಗೆಳೆಯನ ಬೈಕು ಓಡಿಸುತ್ತಿದ್ದಾಗ ನನ್ನನ್ನು ಹಿಡಿದರು. ನಾನು ರಸೀದಿ ಕೇಳದೆ ನೂರು ರೂಪಾಯಿ ಕೈಗಿಟ್ಟು ಪಾರಾದೆ. ಆ ಊರೂ ಆ ಮನುಷ್ಯನೂ ಯಾರೆಂಬುದು ಈಗ ಬೇಡ. ನಿಮ್ಮ ಹೆಸರು ಹೇಳಿದ್ದರೆ ಸುಮ್ಮನೆ ಬಿಡುತ್ತಿದ್ದರೋ ಏನೋ. ಹೇಳಲು ನಾಚಿಕೆಯಾಗಿ ಹಣ ಕೊಟ್ಟೆ. ತನಿಖಾಧಿಕಾರಿ ಅದನ್ನು ಎರಡು ಸಲ ಓದಿ, "ಇದು ನಿಮ್ಮ ತಂದೆಗೆ ಗೊತ್ತೇ?" ಎಂದು ಕೇಳಿದರು. ಇಲ್ಲವೆಂದೆ. ಅವರು ಅದನ್ನೂ ಬರೆದುಕೊಂಡರು. ಇಂದು ನಿಮಗೆ ತಿಳಿಸುತ್ತಿದ್ದೇನೆ, ಕ್ಷಮೆ ಇರಲಿ.

ಅಕಾಡೆಮಿಯ ವಿಷಯ ಹೆಚ್ಚು ಬರೆಯುವುದಿಲ್ಲ. ರಾಜ್ಯ ನಿಗದಿ ಮಾಡಿರುವ ಕನಿಷ್ಠ ತರಬೇತಿ 664 ಗಂಟೆ. ನಮ್ಮದು ಅದಕ್ಕಿಂತ ಹೆಚ್ಚೇ ಇತ್ತು, ಸುಮಾರು ಆರು ತಿಂಗಳು. ಆರಡಿ ಗೋಡೆ ಹತ್ತಿ ಇಳಿಯಬೇಕು. 165 ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ ಮುಕ್ಕಾಲು ಕ್ವಿಂಟಲ್ ತೂಗುವ ಗೊಂಬೆಯನ್ನು 32 ಅಡಿ ಎಳೆದೊಯ್ಯಬೇಕು. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವನಾಗಿದ್ದ ನನಗೆ ಓಟ ಪ್ರಾಣಸಂಕಟವಾಗಿತ್ತು, ವರದಿ ಬರೆಯುವ ಪಾಠ ಮಾತ್ರ ಸುಲಭವಾಗಿತ್ತು. ನೀವು ಠಾಣೆಯಲ್ಲಿ ರೈಟರ್ ಆಗಿದ್ದಾಗ, ಸ್ಟೇಷನ್ ಡೈರಿಯಲ್ಲಿ ಗಂಟೆ ನಿಮಿಷ ನಮೂದಿಸುವುದನ್ನು ನಿಮ್ಮ ಕುರ್ಚಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದೆನಲ್ಲ, ಅದು ಅಲ್ಲಿ ನನ್ನ ಕೈ ಹಿಡಿಯಿತು.

ಇನ್ನು ಜೈಲಿನ ಮಾತು. ಇಲ್ಲಿ ಅನೇಕ ಕೌಂಟಿಗಳಲ್ಲಿ ಹೊಸ ಡೆಪ್ಯೂಟಿಗಳನ್ನು ಮೊದಲು ಹಾಕುವುದು ಜೈಲಿಗೇ. ಒಳಗಿರುವವರಲ್ಲಿ ಹೆಚ್ಚಿನವರು ಇನ್ನೂ ತೀರ್ಪಾಗದವರು, ನಮ್ಮಲ್ಲಿ ವಿಚಾರಣಾಧೀನರು ಎನ್ನುತ್ತೇವಲ್ಲ ಅವರು. ಸಾಮಾನ್ಯವಾಗಿ ಬಂಧಿಸಿದ 48 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಭಾನುವಾರವೂ ರಜಾದಿನವೂ ಆ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮ 24 ಗಂಟೆಯ ನಿಯಮ ಇದಕ್ಕಿಂತ ಬಿಗಿ ಎಂದು ಸಹೋದ್ಯೋಗಿಗಳಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು, ನನಗೆ ಹೆಮ್ಮೆಯಾಯಿತು. 2011ರ ಒಂದು ಕಾನೂನಿನಿಂದಾಗಿ, ಗಂಭೀರವಲ್ಲದ ಅಪರಾಧಗಳಿಗೆ ಮೊದಲು ರಾಜ್ಯದ ಸೆರೆಮನೆಗೆ ಹೋಗುತ್ತಿದ್ದ ಅನೇಕರು ಈಗ ಕೌಂಟಿಯ ಜೈಲಿನಲ್ಲಿಯೇ ವರ್ಷಗಟ್ಟಲೆ ಶಿಕ್ಷೆ ಅನುಭವಿಸುತ್ತಾರೆ. ಆದ್ದರಿಂದ ನಿನ್ನೆ ರಾತ್ರಿ ಕುಡಿದು ಕಾರು ಓಡಿಸಿ ಬಂದ ಹುಡುಗನೂ, ಮೂರು ವರ್ಷದಿಂದ ಇರುವ ಮುದುಕನೂ ಒಂದೇ ಸೂರಿನಡಿ ಇರುತ್ತಾರೆ.

ಗಂಟೆಗೆ ಒಮ್ಮೆಯಾದರೂ ಪ್ರತಿಯೊಬ್ಬನನ್ನೂ ಕಣ್ಣಾರೆ ನೋಡಬೇಕೆಂಬುದು ನಿಯಮ. ಕ್ಯಾಮರಾದಲ್ಲಿ ನೋಡಿದರೆ ಆಗದು, ಬಾಗಿಲ ಬಳಿ ಹೋಗಿ ನಿಲ್ಲಬೇಕು. ಅಮಲು ಇಳಿಯುವವರೆಗೆ ಇರಿಸುವ ಕೋಣೆಯನ್ನು ಅರ್ಧ ಗಂಟೆಗೊಮ್ಮೆ ನೋಡಬೇಕು. ರಾತ್ರಿ ಎರಡು ಗಂಟೆಗೆ ಗಾಜಿನ ಕಿಂಡಿಗೆ ಮುಖ ಒತ್ತಿ, ಹೊದಿಕೆಯ ಕೆಳಗೆ ಎದೆ ಏರಿಳಿಯುತ್ತಿದೆಯೇ ಎಂದು ಕಾಣುವವರೆಗೆ ನಾನು ಕದಲುವುದಿಲ್ಲ. ನೋಡಿದ ನಿಜವಾದ ಸಮಯವನ್ನೇ ಬರೆಯಬೇಕು, 2.10ಕ್ಕೆ ನೋಡಿ 2.00 ಎಂದು ಬರೆಯುವುದು ಸುಳ್ಳು ದಾಖಲೆ, ಒಬ್ಬನ ಪ್ರಾಣ ಹೋದ ದಿನ ಆ ಹತ್ತು ನಿಮಿಷವೇ ಎಲ್ಲವನ್ನೂ ಹೇಳುತ್ತದೆ.

ಚಳಿಗಾಲದಲ್ಲಿ ಒಂದು ರಾತ್ರಿ, ಆಗ ತಾನೇ ಒಳಗೆ ಬಂದಿದ್ದ ಹುಡುಗನೊಬ್ಬನ ಗೊರಕೆ ಸಹಜವಾಗಿರಲಿಲ್ಲ. ಗಂಟಲಲ್ಲಿ ನೀರು ಕಟ್ಟಿಕೊಂಡಂತಿತ್ತು. ಬಾಗಿಲು ತೆರೆಸಿ ನೋಡಿದರೆ ತುಟಿ ನೀಲಿಗಟ್ಟಿತ್ತು. ಫೆಂಟನಿಲ್ ಎಂಬ ಮಾದಕ ವಸ್ತು ಇಲ್ಲಿ ಮನೆಮನೆಯ ದುಃಖವಾಗಿದೆ. ಸೊಂಟದಲ್ಲಿದ್ದ, ಅದರ ಪರಿಣಾಮವನ್ನು ಇಳಿಸುವ ನಲಾಕ್ಸೋನ್ ಔಷಧವನ್ನು ಮೂಗಿಗೆ ಸಿಂಪಡಿಸಿ, ನರ್ಸ್ ಓಡಿ ಬರುವವರೆಗೆ ಉಸಿರು ಕೊಡುತ್ತಿದ್ದೆ. ಎರಡನೆಯ ಸಲ ಸಿಂಪಡಿಸಿದ ಮೇಲೆ ಕಣ್ಣು ಬಿಟ್ಟ. ಮೊದಲು ಆಡಿದ್ದು ಬೈಗುಳ. ಬೆಳಿಗ್ಗೆ ಮನೆಗೆ ಬಂದು ಸ್ನಾನ ಮಾಡಿ ದೇವರ ಮುಂದೆ ಬಹಳ ಹೊತ್ತು ಕುಳಿತಿದ್ದೆ. ದನ ಕಾಯುವುದು, ಹೊಲ ಕಾಯುವುದು, ಮಗುವನ್ನು ಕಾಯುವುದು, "ದೇವರು ನಿನ್ನನ್ನು ಕಾಯಲಿ" ಎಂದು ಅಮ್ಮ ಪ್ರತಿ ಸಲ ಫೋನಿಡುವಾಗ ಹೇಳುವುದು, ಎಲ್ಲದಕ್ಕೂ ನಮ್ಮಲ್ಲಿ ಇರುವುದು ಒಂದೇ ಪದ. ಅಪ್ಪ, ನಾನು ಜೈಲು ಕಾಯುತ್ತಿದ್ದೇನೆ ಎಂದು ನೀವು ಹೇಳಿದ್ದು ಸರಿಯೇ.

ಅಮ್ಮನ ಭಯದ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ. ಟೆಕ್ಸಾಸಿನ ಹ್ಯಾರಿಸ್ ಕೌಂಟಿಯ ಡೆಪ್ಯೂಟಿ ಸಂದೀಪ್ ಧಾಲಿವಾಲ್ ಅವರ ಸುದ್ದಿಯನ್ನು ಯಾರೋ ನಿಮಗೆ ಹೇಳಿದ್ದಾರೆಂದು ಗೊತ್ತಾಯಿತು. ಪೇಟ ಗಡ್ಡಗಳೊಂದಿಗೆ ಸಮವಸ್ತ್ರ ತೊಡುವ ಅನುಮತಿಯನ್ನು 2015ರಲ್ಲಿ ಪಡೆದ ಆ ಸಿಖ್ ಅಧಿಕಾರಿಯನ್ನು 2019ರ ಸೆಪ್ಟೆಂಬರ್ 27ರಂದು, ರಸ್ತೆಯಲ್ಲಿ ಒಂದು ಕಾರನ್ನು ತಡೆದು ತಮ್ಮ ವಾಹನದ ಕಡೆಗೆ ಮರಳುತ್ತಿದ್ದಾಗ, ಹಿಂದಿನಿಂದ ಗುಂಡಿಟ್ಟು ಕೊಂದರು. ಅಮೆರಿಕದ ಮೊದಲ ಗುರುದ್ವಾರ ನಾವಿರುವ ಈ ಸ್ಟಾಕ್‌ಟನ್ನಿನಲ್ಲಿಯೇ, 1912ರಲ್ಲಿ ಸ್ಥಾಪನೆಯಾದದ್ದು; ಅಲ್ಲಿನ ಹಿರಿಯರು ಅವರ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ. ಅಪಾಯ ಇದೆ, ಅಮ್ಮ. ಕರ್ತವ್ಯಕ್ಕೆ ಹೊರಡುವಾಗ ಗುಂಡುನಿರೋಧಕ ಅಂಗಿಯನ್ನು ಒಂದು ದಿನವೂ ಬಿಡುವುದಿಲ್ಲವೆಂದು ಮಾತ್ರ ಮಾತು ಕೊಡಬಲ್ಲೆ.

ಮುಂದಿನ ತಿಂಗಳಿಂದ ನನ್ನನ್ನು ಗಸ್ತಿಗೆ ತಯಾರು ಮಾಡುತ್ತಾರೆ. ಕನಿಷ್ಠ ಹತ್ತು ವಾರ ಅನುಭವಿ ಡೆಪ್ಯೂಟಿಯೊಬ್ಬರು ಪಕ್ಕದ ಸೀಟಿನಲ್ಲಿ ಕುಳಿತು, ಪ್ರತಿದಿನವೂ ನನ್ನ ಕೆಲಸವನ್ನು ಅಳೆದು ಬರೆಯುತ್ತಾರೆ. ಅಲ್ಲಿಯವರೆಗೆ ಸಂಜೆ ಆರರಿಂದ ಬೆಳಿಗ್ಗೆ ಆರರ ಪಾಳಿ. ಈಗಿನ ಬೇಸಿಗೆಯ ಗಡಿಯಾರದಲ್ಲಿ ಅದು ನಿಮಗೆ ಬೆಳಿಗ್ಗೆ ಆರೂವರೆಯಿಂದ ಸಂಜೆ ಆರೂವರೆ. ಆದ್ದರಿಂದ ನೀವು ಹಗಲಲ್ಲಿ ಕರೆ ಮಾಡಿದರೆ ನಾನು ಎತ್ತುವುದಿಲ್ಲ, ಗಾಬರಿಯಾಗಬೇಡಿ; ಸಂಜೆ ದೀಪ ಹಚ್ಚಿದ ಮೇಲೆ ಏಳೂವರೆಗೆ ಮಾಡಿ, ಅಷ್ಟರಲ್ಲಿ ಮನೆ ಸೇರಿರುತ್ತೇನೆ. ಆ ನೂರು ರೂಪಾಯಿಯ ವಿಷಯ ಮಾತ್ರ ಫೋನಿನಲ್ಲಿ ಬೇಡ ಅಪ್ಪ, ನಿಮ್ಮ ಕೈಬರಹದಲ್ಲಿಯೇ ಬರೆದು ಕಳುಹಿಸಿ.

ಇತಿ ನಿಮ್ಮ ಮಗ