ಡೇಪಾ ಬಾಟಲಿ ಅಟ್ಟದಿಂದ ಇಳಿಯಲಿ

ಸಂಪಾದಕರಿಗೆ ನಮಸ್ಕಾರ.

ಸಾಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮಗಿರುವುದು ಒಂದೂವರೆ ಎಕರೆ ಅಡಿಕೆ ತೋಟ, ಮೂರು ಹಸು. ಮಂಗನ ಕಾಯಿಲೆಯ ಕಾಲ ಬಂತು. ಡಿಸೆಂಬರಿನಿಂದ ಮೇ ತನಕ ನಮಗೆಲ್ಲ ಒಂದು ಅಳುಕು ಇದ್ದೇ ಇರುತ್ತದೆ. ಜೊತೆಗೆ ಮೊಬೈಲಿನಲ್ಲಿ ಹೆದರಿಸುವ ಮೆಸೇಜುಗಳೂ ಶುರುವಾಗಿವೆ. ಅದಕ್ಕೇ ಈ ಪತ್ರ.

ಹೋದ ಫೆಬ್ರವರಿಯಲ್ಲಿ ನಮ್ಮ ಕೊಟ್ಟಿಗೆಗೆ ಕಾಡಿನಿಂದ ದರಗು (ಒಣಗಿದ ಎಲೆ) ತಂದುಕೊಡುವ ಅಕ್ಕನಿಗೆ ಜ್ವರ ಬಂತು. ತಲೆ ಸಿಡಿಯುವ ನೋವು, ಕೆಂಪಾದ ಕಣ್ಣು, ಎದ್ದು ನಿಲ್ಲಲಾಗದಷ್ಟು ಮೈಕೈ ನೋವು. ರಕ್ತ ತೆಗೆದು ಶಿವಮೊಗ್ಗದ ಲ್ಯಾಬಿಗೆ ಕಳಿಸಿದರು. ಮಂಗನ ಕಾಯಿಲೆ ಎಂದೇ ಬಂತು. ಅದೇ ಸಂಜೆ ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಬಿತ್ತು. ‘ಗಾಳಿಯಲ್ಲಿ ಹರಡುತ್ತದೆ, ಆ ಮನೆಯ ಕಡೆ ಹೋಗಬೇಡಿ, ಆ ಕಡೆಯ ಹಾಲು ಕುಡಿಯಬೇಡಿ’ ಅಂತ. ಮಾತಾಡಿದವರು ಯಾರು ಎಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಹಿಂದೆಯೇ ರಾಶಿ ಮಂಗಗಳು ಸತ್ತುಬಿದ್ದ ಒಂದು ಫೋಟೋ ಬಂತು, ನಮ್ಮ ಕಾಡಿನದೇ ಎಂದು. ನನ್ನ ಮಗ ದೊಡ್ಡದು ಮಾಡಿ ನೋಡಿದ. ಮೂಲೆಯಲ್ಲಿ ನಿಂತಿದ್ದ ಲಾರಿಯ ನಂಬರ್ ಬೇರೆ ರಾಜ್ಯದ್ದು. ಅಷ್ಟರಲ್ಲಿ ಅದು ಹತ್ತೂರು ಸುತ್ತಿ ಆಗಿತ್ತು.

ಮಾರನೇ ದಿನ ನಮ್ಮ ಹಾಲನ್ನು ಯಾರೂ ತೆಗೆದುಕೊಳ್ಳಲಿಲ್ಲ. ಎರಡು ದಿನ ಕ್ಯಾನ್ ಹಾಗೇ ವಾಪಸ್ ತಂದೆವು. ಅದು ಹೋಗಲಿ, ಅಷ್ಟು ದೊಡ್ಡ ವಿಷಯ ಅಲ್ಲ. ಆ ಅಕ್ಕನ ಗಂಡ ನೀರಿಗೆ ಬಂದರೆ ಜನ ಕೊಡ ಎತ್ತಿಕೊಂಡು ದೂರ ಸರಿದರು. ಅವರ ಮಗಳನ್ನು ಆಟಕ್ಕೆ ಕರೆಯುವವರಿಲ್ಲ. ನಾನೂ ಎರಡು ದಿನ ಆ ಮನೆಗೆ ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ನಮ್ಮ ಹಿತ್ತಿಲಿನಲ್ಲಿ ಕೂತು ಊಟ ಮಾಡಿದವರು ಅವರು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮೂರನೇ ದಿನ ನಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಅವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಹತ್ತಿರ ಫೋನಿನಲ್ಲಿ ಮಾತಾಡಿಸಿದರು. ಐದೇ ನಿಮಿಷದ ಮಾತು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಾಲಿನಿಂದ ಬಂದದ್ದಕ್ಕೂ ಆಧಾರ ಇಲ್ಲ. ಬರುವುದು ಉಣುಗು (ಉಣ್ಣಿ) ಕಚ್ಚಿದರೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರುತ್ತವೆ. ಸಾಸಿವೆಯಷ್ಟೂ ಇಲ್ಲದ ಮರಿ ಉಣುಗು ದರಗಿನಲ್ಲಿ ಇದ್ದರೆ ಕಣ್ಣಿಗೇ ಬೀಳುವುದಿಲ್ಲ. ಅಂದರೆ ಆ ಅಕ್ಕನಿಗೆ ಕಾಯಿಲೆ ಬಂದದ್ದು ನಮ್ಮ ಕೊಟ್ಟಿಗೆಯ ಕೆಲಸ ಮಾಡಿಯೇ ಇರಬೇಕು, ಅಲ್ವಾ? ಅಂಥವರಿಂದ ನಾವು ದೂರ ಓಡಿದ್ದೆವು.

ಗಾಳಿಸುದ್ದಿಯ ನಿಜವಾದ ಕೇಡು ಆಮೇಲೆ ಕಂಡಿತು. ಮೇಲಿನ ಕೇರಿಯ ಒಬ್ಬರಿಗೆ ಜ್ವರ ಬಂದರೂ ನಾಲ್ಕು ದಿನ ಬಾಯಿ ಬಿಡಲಿಲ್ಲ. ಹೇಳಿದರೆ ತಮ್ಮ ಮನೆಗೂ ಅದೇ ಗತಿ ಎಂಬ ಹೆದರಿಕೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರು. ಐದನೇ ದಿನ ರಾತ್ರಿ ಮೂಗಿನಿಂದ ರಕ್ತ ಬಂತು. ಜೀಪ್ ಮಾಡಿ ಕರೆದುಕೊಂಡು ಹೋದರು. ದೇವರು ದೊಡ್ಡವನು, ಉಳಿದುಕೊಂಡರು. ಈ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಕಂಡ ಕಂಡ ನೋವಿನ ಮಾತ್ರೆ ನುಂಗಿದರೆ ರಕ್ತಸ್ರಾವ ಜಾಸ್ತಿ ಆಗಬಹುದು ಎಂದು ಅಲ್ಲಿ ಹೇಳಿದರಂತೆ.

ನಾನು ಹೆದರಬೇಡಿ ಎನ್ನುವುದಿಲ್ಲ. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾದದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲು ಸಾಲು ಸಾವು ಕಂಡವರು ನಾವು. 100 ಜನರಿಗೆ ಬಂದರೆ ಮೂರರಿಂದ ಐದು ಜನ ತೀರಿಕೊಳ್ಳುವ ಕಾಯಿಲೆ ಇದು. ಇದಕ್ಕೇ ಅಂತ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿದರೆ ಆರೈಕೆಯಿಂದಲೇ ಬಹಳ ಜನ ಉಳಿಯುತ್ತಾರೆ. ಹಳೇ ಲಸಿಕೆಯೂ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂದು 2022ರಲ್ಲಿ ನಿಂತಿತು. ಹೀಗಿದ್ದರೂ ‘ಇಂಥಲ್ಲಿ ದುಡ್ಡು ಕೊಟ್ಟರೆ ಇಂಜೆಕ್ಷನ್ ಸಿಗುತ್ತದೆ’ ಎಂಬ ಮೆಸೇಜ್ ನಂಬಿ ಕೂಲಿ ಬಿಟ್ಟು ಪೇಟೆಗೆ ಹೋಗಿ ಬಂದವರು ನಮ್ಮಲ್ಲಿದ್ದಾರೆ. ಬಡವರ ಒಂದು ದಿನದ ಕೂಲಿ ಅದು.

ಇನ್ನೊಂದು ಕಡೆ, ಆಶಾ ಕಾರ್ಯಕರ್ತೆ ಬಿಸಿಲಿನಲ್ಲಿ ನಡೆದು ಮನೆ ಮನೆಗೆ ಕೊಟ್ಟ, ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಅಟ್ಟದ ಮೇಲೆ ಕೂತಿದೆ. ನಾನೇ ಆರು ಮನೆಗಳಲ್ಲಿ ಕೇಳಿದೆ. ನಾಲ್ಕು ಮನೆಯಲ್ಲಿ ಸೀಲ್ ಕೂಡ ಒಡೆದಿರಲಿಲ್ಲ. ವಾಸನೆ ಅಂತಾರೆ, ಜಿಡ್ಡು ಅಂತಾರೆ. ಬೆಟ್ಟಕ್ಕೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಮಿಂದು, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿದರೆ ಆಯಿತು. ನಮ್ಮ ಮನೆಯಲ್ಲಿ ಈಗ ಬಾಟಲಿ ಜಗುಲಿಯ ಕತ್ತಿ ಮೊಳೆಯ ಪಕ್ಕದಲ್ಲೇ ಇದೆ. ಕತ್ತಿ ತೆಗೆದುಕೊಳ್ಳುವಾಗ ಕೈಗೆ ಸಿಗುತ್ತದೆ. ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರ ಹೋಗದೆ ಪಂಚಾಯಿತಿಗೋ ಆರೋಗ್ಯ ಇಲಾಖೆಗೋ ತಿಳಿಸುತ್ತೇವೆ.

ನಿಮ್ಮಲ್ಲಿ ನನ್ನ ಕೇಳಿಕೆ ಎರಡು. ಮೇ ತಿಂಗಳವರೆಗೆ ವಾರಕ್ಕೊಮ್ಮೆ, ಯಾವ ಕಡೆ ಮಂಗ ಸತ್ತಿದೆ, ಯಾವ ಕಾಡಿಗೆ ಸದ್ಯ ಹೋಗಬಾರದು ಎಂದು ಇಲಾಖೆಯಿಂದ ಕೇಳಿ ಜಿಲ್ಲೆಯ ಪುಟದಲ್ಲಿ ಹಾಕಿ. ನಮ್ಮಲ್ಲಿ ಪೇಪರ್ ಬರುವುದು ಹನ್ನೊಂದು ಗಂಟೆಯ ಬಸ್ಸಿಗೆ. ಆದರೂ ಅದರಲ್ಲಿ ಬಂದದ್ದನ್ನು ಜನ ನಂಬುತ್ತಾರೆ. ಇನ್ನೊಂದು, ಕಾಯಿಲೆಯವರ ಮನೆ, ಕೇರಿ ಗುರುತಾಗುವ ಹಾಗೆ ಬರೆಯಬೇಡಿ.

ಆ ಅಕ್ಕ ಈಗ ಚೆನ್ನಾಗಿದ್ದಾರೆ. ಮುಂದಿನ ವಾರ ದರಗು ಗುಡಿಸುವ ಕೆಲಸ ಶುರು. ಅಷ್ಟರೊಳಗೆ ಈ ಪತ್ರ ಪ್ರಕಟವಾದರೆ ಉಪಕಾರವಾಗುತ್ತದೆ.

ಇಂತಿ,
ಹಸು ಸಾಕುವ ಒಬ್ಬ ಓದುಗ ಮಹಿಳೆ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ