ಹಳೆ ಫೋನಿನ ಕರೆಯನ್ನು ತಳ್ಳಬೇಡಿ

ಮಾನ್ಯರೇ,

ಕಚೇರಿಗಳ ಐಪಿ ಫೋನ್ (ಕಂಪ್ಯೂಟರ್ ಜಾಲದ ಮೂಲಕ ಮಾತಾಡುವ ಫೋನ್) ನೋಡಿಕೊಳ್ಳುವ ಕೆಲಸ ನನ್ನದು. ಹೋದ ತಿಂಗಳು ಒಂದು ಆಸ್ಪತ್ರೆಯಲ್ಲಿ ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಬದಲಾಯಿತು. ವಾರ್ಡಿನ ಹಳೆ ಫೋನುಗಳಿಂದ ಕರೆಯೇ ಹೋಗದಾಯಿತು. ಲಾಗ್ ತೆಗೆದು ನೋಡಿದೆ. ಕರೆ ಶುರು ಮಾಡಲು ಅವು ಕಳಿಸುವ ‘ಇನ್ವೈಟ್’ ಸಂದೇಶದಲ್ಲಿ, ಕರೆ ಯಾರದೆಂದು ಹೇಳುವ ‘ಫ್ರಮ್’ ಸಾಲಿನಲ್ಲಿ ಟ್ಯಾಗ್ ಎಂಬ ಗುರುತಿನ ಸಂಕೇತ ಇಲ್ಲ. ಹೊಸ ಸಾಫ್ಟ್‌ವೇರ್ ಅದನ್ನೇ ತಪ್ಪೆಂದು ತಳ್ಳಿಬಿಡುತ್ತಿತ್ತು.

ಇಂಥ ಫೋನುಗಳು ಕರೆ ಜೋಡಿಸುವ ಪದ್ಧತಿಗೆ ಸಿಪ್ ಅಂತಾರೆ. ಅದರ 1999ರ ನಿಯಮ ದಾಖಲೆ ಆರ್‌ಎಫ್‌ಸಿ 2543ರಲ್ಲಿ ಆ ಟ್ಯಾಗ್ ಕಡ್ಡಾಯವಿರಲಿಲ್ಲ. 2002ರ ಆರ್‌ಎಫ್‌ಸಿ 3261 ಕಡ್ಡಾಯ ಮಾಡಿತು, ನಿಜ. ಆದರೆ ಹಳೆಯವು ಟ್ಯಾಗ್ ಇಲ್ಲದೆ ಕಳಿಸಿದರೂ ತಗೊಳ್ಳಲೇಬೇಕು ಅಂತ ಅದೇ ದಾಖಲೆ ಹೇಳುತ್ತದೆ. ಅರ್ಧ ಓದಿ ಸಾಫ್ಟ್‌ವೇರ್ ಬರೆದರೆ ಹೇಗೆ? ರಾತ್ರಿ ಪಾಳಿಯ ನರ್ಸ್ ವೈದ್ಯರನ್ನು ಕರೆಯೋದು ಅದೇ ಫೋನಿನಿಂದ ಅಲ್ವಾ?

ಗಟ್ಟಿಯಾಗಿರುವ ಫೋನುಗಳನ್ನು ಸುಮ್ನೆ ಗುಜರಿಗೆ ಹಾಕಿಸಬೇಡಿ. ಹೊಸ ಸಾಫ್ಟ್‌ವೇರನ್ನು ಹಳೆ ಫೋನುಗಳಲ್ಲಿ ಪರೀಕ್ಷೆ ಮಾಡಿ ತೋರಿಸಬೇಕು ಅನ್ನುವ ಷರತ್ತನ್ನು ಟೆಂಡರಿನಲ್ಲೇ ಬರೆಯಿರಿ.

– ಟೆಲಿಫೋನ್ ತಂತ್ರಜ್ಞ, ಹುಬ್ಬಳ್ಳಿ